ಗಣಕಯಂತ್ರದ ಮೊದಲ ಮಾತು

ಹಾಲು ಮೊಸರಾಗಬೇಕಾದರೆ ಹೆಪ್ಪು ಬೇಕು. ಹೆಪ್ಪೆಂದರೆ ನಿನ್ನೆಯ ಮೊಸರು. ನಿನ್ನೆಯ ಮೊಸರಿಗೆ ಮೊನ್ನೆಯದು ಹೆಪ್ಪಾಗಿದ್ದಿತು. ಹೀಗೆ ಹಿಂದು ಹಿಂದಕ್ಕೆ ಸಾಗಿದರೆ ಮೊಟ್ಟಮೊದಲ ಹೆಪ್ಪು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ನಮ್ಮ ಅಡುಗೆಮನೆಗಳಲ್ಲಿ ಉತ್ತರ ದೊರೆಯಲಾರದು. ದೊರೆಯಬೇಕಾದ ಅಗತ್ಯವೂ ಇಲ್ಲ. ಹೆಪ್ಪು ತೀರಿದ ದಿನ ನೆರೆಮನೆಯ ಬಾಗಿಲು ತಟ್ಟಿದರಾಯಿತು. ಆದರೆ ಗಣಕಯಂತ್ರಕ್ಕೆ ನೆರೆಮನೆಯೆಂಬುದಿಲ್ಲ. ವಿದ್ಯುತ್ತು ಹರಿದೊಡನೆ ಅದು ತನಗೆ ತಾನೇ ಹೆಪ್ಪು ಹಾಕಿಕೊಳ್ಳಬೇಕು. ಈ ಕಾರ್ಯ ಹೇಗೆ ನಡೆಯುತ್ತದೆ, ಅದನ್ನು ಮೊದಲು ಸಾಧಿಸಿದವರು ಯಾರು, ನಮ್ಮ ನೀಲಗಿರಿಯಲ್ಲಿ ಅದರ ಹೆಜ್ಜೆಗುರುತುಗಳು ಎಲ್ಲಿವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಪ್ರಶ್ನೆಯ ಸ್ವರೂಪವನ್ನು ಮೊದಲು ತಿಳಿಯೋಣ. ಗಣಕಯಂತ್ರವು ತನ್ನ ಸ್ಮೃತಿಕೋಶದಲ್ಲಿರುವ ಆದೇಶಗಳನ್ನು ಒಂದಾದ ಮೇಲೊಂದರಂತೆ ಓದಿ ನೆರವೇರಿಸುವ ಯಂತ್ರ. ಆದೇಶವಿಲ್ಲದೆ ಅದು ಏನನ್ನೂ ಮಾಡಲಾರದು. ಸ್ಮೃತಿಕೋಶವೋ, ವಿದ್ಯುತ್ತು ನಿಂತಾಗ ಬರಿದಾಗುತ್ತದೆ. ಆದೇಶಗಳು ಬೇರೆಲ್ಲೋ, ಕಾಗದದ ಪಟ್ಟಿಯಲ್ಲಿಯೋ ಡಿಸ್ಕಿನಲ್ಲಿಯೋ ಇರುತ್ತವೆ. ಅವನ್ನು ಸ್ಮೃತಿಗೆ ತರಬೇಕು. ತರುವ ಕೆಲಸವೂ ಒಂದು ಕೆಲಸವಷ್ಟೆ. ಅದಕ್ಕೂ ಆದೇಶಗಳು ಬೇಕು. ಆ ಆದೇಶಗಳನ್ನು ತರುವವರಾರು? ಎಷ್ಟೇ ನುರಿತ ನಟನಾದರೂ ತನ್ನ ಹೆಗಲಿನ ಮೇಲೆ ತಾನೇ ಏರಲಾರನೆಂಬ ದೃಷ್ಟಾಂತವನ್ನು ನಮ್ಮ ಪ್ರಾಚೀನ ತಾರ್ಕಿಕರು ಕೊಡುತ್ತಿದ್ದರು. ಇಂಗ್ಲಿಷರು ಇದನ್ನೇ ತಮ್ಮ ಚಳಿನಾಡಿಗೆ ತಕ್ಕಂತೆ, ಬೂಟಿನ ಹಿಂಬದಿಯ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದೆಂದು ಹೇಳಿದರು. ಆ ಪಟ್ಟಿಯ ಹೆಸರಾದ ‘ಬೂಟ್‌ಸ್ಟ್ರ್ಯಾಪ್’ ಎಂಬ ಮಾತು ೧೯೫೦ರ ದಶಕದಲ್ಲಿ ಗಣಕಯಂತ್ರದವರ ಬಾಯಿಗೆ ಬಂದು, ಸವೆದು, ಇಂದು ನಮ್ಮ ವಿದ್ಯಾರ್ಥಿಗಳು ಆಡುವ ‘ಬೂಟ್ ಆಗುವುದು’ ಎಂಬ ಮಾತಾಗಿದೆ. ಪಾದರಕ್ಷೆಗೂ ಯಂತ್ರಕ್ಕೂ ಇರುವ ನಂಟು ಇಷ್ಟೇ.

ಇಂಥ ಸಮಸ್ಯೆ ಗಣಕಯಂತ್ರಕ್ಕೆ ಮಾತ್ರ ಸಲ್ಲುವುದಲ್ಲ. ನಮ್ಮ ಜಿಲ್ಲೆಯಲ್ಲಿ ೧೯೩೨ರಲ್ಲಿ ಕೆಲಸಕ್ಕೆ ತೊಡಗಿದ ಪೈಕಾರ ಯೋಜನೆಯಂಥ ಜಲವಿದ್ಯುತ್ ಯೋಜನೆಗಳನ್ನು ನೆನೆಯಬಹುದು. ದೊಡ್ಡ ವಿದ್ಯುಜ್ಜನಕವು ವಿದ್ಯುತ್ತನ್ನು ಹುಟ್ಟಿಸಬೇಕಾದರೆ ಅದರ ಕಾಂತಕ್ಕೆ ಮೊದಲು ಸ್ವಲ್ಪ ವಿದ್ಯುತ್ತನ್ನು ಉಣಿಸಬೇಕು. ಅದಕ್ಕಾಗಿ ಪಕ್ಕದಲ್ಲಿ ಒಂದು ಚಿಕ್ಕ ವ್ಯವಸ್ಥೆ ಇರುತ್ತದೆ. ಚಿಕ್ಕದು ದೊಡ್ಡದನ್ನು ಎಬ್ಬಿಸುವುದೇ ಇದರ ಮರ್ಮ. ಗಣಕಯಂತ್ರದ ಚರಿತ್ರೆಯಲ್ಲಿಯೂ ಇದೇ ಮರ್ಮವು ಮತ್ತೆ ಮತ್ತೆ ಕಾಣಿಸುತ್ತದೆ.

ಮೊದಮೊದಲು ಆ ಚಿಕ್ಕ ವ್ಯವಸ್ಥೆಯ ಸ್ಥಾನದಲ್ಲಿದ್ದುದು ಮನುಷ್ಯನ ಕೈಬೆರಳು. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ೧೯೪೬ರಲ್ಲಿ ಲೋಕದ ಮುಂದೆ ಪ್ರಕಟವಾದ ‘ಎನಿಯಾಕ್’ ಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತ ಕೊಳವೆಗಳಿದ್ದವು. ಅದಕ್ಕೆ ಹೊಸ ಲೆಕ್ಕವನ್ನು ಒಪ್ಪಿಸಬೇಕಾದರೆ ತಂತಿಗಳನ್ನು ಕಿತ್ತು ಬೇರೆಡೆ ಸಿಕ್ಕಿಸಿ, ಸ್ವಿಚ್ಚುಗಳನ್ನು ತಿರುಗಿಸಿ, ದಿನಗಟ್ಟಲೆ ದುಡಿಯಬೇಕಾಗಿತ್ತು. ಈ ಕೆಲಸವನ್ನು ಮೊದಲು ಕೈಗೊಂಡವರು ಆರು ಮಂದಿ ಮಹಿಳೆಯರೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು. ೧೯೪೮ರ ಜೂನ್ ೨೧ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಒಂದು ಪುಟ್ಟ ಯಂತ್ರವು ತನ್ನ ಸ್ಮೃತಿಯಲ್ಲಿಯೇ ಇದ್ದ ಆದೇಶಗಳನ್ನು ಓದಿ ನಡೆಯಿತು. ಇದು ಈ ಬಗೆಯಲ್ಲಿ ಮೊದಲನೆಯದು. ಆ ಆದೇಶಗಳು ೧೭. ಹದಿನೇಳನ್ನೂ ಮನುಷ್ಯರೇ ಸ್ವಿಚ್ಚುಗಳ ಮೂಲಕ ಒಂದೊಂದಾಗಿ ಒಳಗಿಟ್ಟಿದ್ದರು.

ಹದಿನೇಳಾದರೆ ಕೈಯಿಂದ ಇಡಬಹುದು, ಹದಿನೇಳು ಸಾವಿರವಾದರೆ? ಈ ಪ್ರಶ್ನೆಗೆ ಮರುವರ್ಷವೇ ಕೇಂಬ್ರಿಜ್ಜಿನಲ್ಲಿ ಉತ್ತರ ದೊರೆಯಿತು. ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ಕಟ್ಟಲಾದ ‘ಎಡ್‌ಸ್ಯಾಕ್’ ಯಂತ್ರವು ೧೯೪೯ರ ಮೇ ೬ರಂದು ಮೊದಲ ಬಾರಿಗೆ ನಡೆದು, ವರ್ಗಸಂಖ್ಯೆಗಳ ಕೋಷ್ಟಕವನ್ನು ಅಚ್ಚುಹಾಕಿತು. ಅದರ ಸ್ಮೃತಿಯು ಪಾದರಸ ತುಂಬಿದ ಕೊಳವೆಗಳಲ್ಲಿ ಓಡಾಡುವ ಶಬ್ದದ ಅಲೆಗಳಲ್ಲಿದ್ದಿತು; ವಿದ್ಯುತ್ತು ಹೋದರೆ ಎಲ್ಲವೂ ಅಳಿದುಹೋಗುತ್ತಿತ್ತು. ಆಗ ಅಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಡೇವಿಡ್ ವೀಲರ್ ಎಂಬ ತರುಣನು ೩೧ ಆದೇಶಗಳ ಒಂದು ಸಣ್ಣ ಸರಣಿಯನ್ನು ರಚಿಸಿದನು. ಅದರ ಕೆಲಸ ಒಂದೇ: ಕಾಗದದ ಪಟ್ಟಿಯಲ್ಲಿ ರಂಧ್ರಗಳ ರೂಪದಲ್ಲಿದ್ದ ದೊಡ್ಡ ಕ್ರಮವಿಧಿಯನ್ನು ಓದಿ ಸ್ಮೃತಿಯಲ್ಲಿ ಇಡುವುದು. ಈ ೩೧ ಆದೇಶಗಳನ್ನು ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಬಳಸುತ್ತಿದ್ದ ಸುತ್ತುವ ಸ್ವಿಚ್ಚುಗಳಿಗೆ ತಂತಿಯಿಂದ ಶಾಶ್ವತವಾಗಿ ಬೆಸೆದುಬಿಟ್ಟರು. ಗುಂಡಿಯನ್ನೊತ್ತಿದರೆ ಸ್ವಿಚ್ಚು ಹೆಜ್ಜೆಹೆಜ್ಜೆಯಾಗಿ ಸುತ್ತಿ ಅವನ್ನು ಸ್ಮೃತಿಗೆ ಸುರಿಯುತ್ತಿತ್ತು. ಬಳಿಕ ಅವು ಉಳಿದುದನ್ನು ಕರೆತರುತ್ತಿದ್ದವು. ನಟನು ತನ್ನ ಹೆಗಲನ್ನು ತಾನು ಏರಲಿಲ್ಲ. ಒಂದು ಮೆಟ್ಟಿಲನ್ನು ಮೊದಲೇ ಕಟ್ಟಿಟ್ಟುಕೊಂಡನು. ಇಂದಿನ ಎಲ್ಲ ಗಣಕಯಂತ್ರಗಳಲ್ಲಿಯೂ ಈ ಮೆಟ್ಟಿಲಿನ ಸಂತತಿಯೇ ಇದೆ. ಅಮೆರಿಕದಲ್ಲಿ ಐಬಿಎಂ ಸಂಸ್ಥೆಯು ೧೯೫೨ರಲ್ಲಿ ಪ್ರಕಟಿಸಿದ ತನ್ನ ೭೦೧ ಎಂಬ ಯಂತ್ರಕ್ಕೆ ‘ಲೋಡ್’ ಎಂಬ ಗುಂಡಿಯನ್ನು ಇರಿಸಿತು. ಅದನ್ನೊತ್ತಿದರೆ ಯಂತ್ರವು ಮೊದಲ ತುಣುಕನ್ನು ತಾನೇ ಓದಿಕೊಂಡು, ಆ ತುಣುಕಿನಿಂದ ಮುಂದಿನದನ್ನು ತರಿಸಿಕೊಳ್ಳುತ್ತಿತ್ತು.

ನಮ್ಮ ದೇಶಕ್ಕೆ ಬರೋಣ. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ೧೯೫೫ರಲ್ಲಿ ಇಂಗ್ಲೆಂಡಿನಿಂದ ಒಂದು ಗಣಕಯಂತ್ರವನ್ನು ತರಿಸಿಕೊಂಡಿತು. ಅದೇ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರೂ ಅವರ ಸಂಗಡಿಗರೂ ಸ್ವದೇಶದಲ್ಲಿಯೇ ಒಂದನ್ನು ಕಟ್ಟಲು ಮುಂದಾದರು. ೧೯೬೦ರಲ್ಲಿ ಕೆಲಸಕ್ಕೆ ತೊಡಗಿದ ಆ ಯಂತ್ರಕ್ಕೆ ೧೯೬೨ರಲ್ಲಿ ಪ್ರಧಾನಿ ಜವಾಹರಲಾಲ ನೆಹರೂ ಅವರು ‘ಟಿಫ್ರಾಕ್’ ಎಂದು ಹೆಸರಿಟ್ಟರು. ಅದರಲ್ಲಿ ಸುಮಾರು ೨,೭೦೦ ನಿರ್ವಾತ ಕೊಳವೆಗಳಿದ್ದವು. ಸ್ಮೃತಿಯಲ್ಲಿ ೨,೦೪೮ ಪದಗಳಿಗೆ ಸ್ಥಳವಿದ್ದಿತು. ಕ್ರಮವಿಧಿಯನ್ನು ರಂಧ್ರಪಟ್ಟಿಯ ಮೂಲಕ ಒಳಸೇರಿಸುತ್ತಿದ್ದರು. ಇದೇ ಸಂಸ್ಥೆಯ ಇನ್ನೊಂದು ಶಾಖೆಯು ಆ ದಶಕದಲ್ಲಿಯೇ ನಮ್ಮ ಬೆಟ್ಟಗಳನ್ನು ಅರಸಿಕೊಂಡು ಬಂದಿತು.

ಉದಕಮಂಡಲದ ಬಳಿಯ ಮುತ್ತೊರೈಯಲ್ಲಿರುವ ರೇಡಿಯೋ ದೂರದರ್ಶಕವನ್ನು ನಮ್ಮ ವಾಚಕರಲ್ಲಿ ಅನೇಕರು ದೂರದಿಂದಲಾದರೂ ಕಂಡಿರುತ್ತಾರೆ. ಗೋವಿಂದ ಸ್ವರೂಪ್ ಅವರ ಕಲ್ಪನೆಯಂತೆ, ಹೋಮಿ ಭಾಭಾ ಅವರ ಬೆಂಬಲದಿಂದ ಆರಂಭವಾದ ಈ ಯೋಜನೆಯು ೧೯೭೦ರಲ್ಲಿ ಕೈಗೂಡಿತು. ೫೩೦ ಮೀಟರ್ ಉದ್ದ, ೩೦ ಮೀಟರ್ ಅಗಲದ ಈ ದೂರದರ್ಶಕವನ್ನು ೨೪ ಉಕ್ಕಿನ ಚೌಕಟ್ಟುಗಳು ಹೊತ್ತಿವೆ. ಉದ್ದಕ್ಕೂ ಎಳೆದ ೧,೧೦೦ ಉಕ್ಕಿನ ತಂತಿಗಳೇ ಅದರ ಕನ್ನಡಿ. ನಮ್ಮ ಬೆಟ್ಟವನ್ನೇ ಏಕೆ ಆರಿಸಿದರೆಂಬುದು ಕುತೂಹಲದ ಸಂಗತಿ. ಉದಕಮಂಡಲದ ಅಕ್ಷಾಂಶವು ಹನ್ನೊಂದು ಅಂಶಗಳಿಗಿಂತ ತುಸು ಹೆಚ್ಚು. ಮುತ್ತೊರೈಯ ಇಳಿಜಾರು ಉತ್ತರ ದಕ್ಷಿಣವಾಗಿ ಸರಿಸುಮಾರು ಅಷ್ಟೇ ಓರೆಯಾಗಿದೆ. ಆದುದರಿಂದ ಆ ಇಳಿಜಾರಿನ ಮೇಲೆ ಮಲಗಿಸಿದ ದೂರದರ್ಶಕದ ಅಚ್ಚು ಭೂಮಿಯ ಅಚ್ಚಿಗೆ ಸಮಾಂತರವಾಗುತ್ತದೆ; ಒಂದೇ ಅಚ್ಚಿನ ಮೇಲೆ ಹೊರಳಿಸಿದರೆ ಸಾಕು, ಆಕಾಶದ ಒಂದು ಬಿಂದುವನ್ನು ದಿನಕ್ಕೆ ಒಂಬತ್ತು ಗಂಟೆಗಳಿಗೂ ಮಿಕ್ಕಿ ಹಿಂಬಾಲಿಸಬಹುದು.

ಆರಂಭದಲ್ಲಿ ಈ ದೂರದರ್ಶಕದ ಮುಖ್ಯ ಕಾರ್ಯ ಚಂದ್ರನು ದೂರದ ರೇಡಿಯೋ ಮೂಲಗಳನ್ನು ಮರೆಮಾಡುವ ಕ್ಷಣವನ್ನು ಅಳೆಯುವುದಾಗಿತ್ತು. ಚಂದ್ರನ ಅಂಚು ಎಲ್ಲಿದೆಯೆಂಬುದು ನಿಖರವಾಗಿ ತಿಳಿದಿರುವುದರಿಂದ, ಮೂಲದ ಧ್ವನಿ ಅಡಗಿದ ಕ್ಷಣವನ್ನು ಹಿಡಿದರೆ ಅದರ ಸ್ಥಾನವೂ ಆಕಾರವೂ ತಿಳಿಯುತ್ತವೆ. ಆಸ್ಟ್ರೇಲಿಯದ ಪಾರ್ಕ್ಸ್ ಎಂಬಲ್ಲಿ ೧೯೬೨ರಲ್ಲಿ ಇದೇ ವಿಧಾನದಿಂದ ದೊರೆತ ಅಳತೆಯು ಮರುವರ್ಷ ಕ್ವೇಸಾರ್‌ಗಳ ಸ್ವರೂಪವನ್ನು ಅರಿಯಲು ದಾರಿಮಾಡಿತ್ತು. ಮುತ್ತೊರೈಯಲ್ಲಿ ಸಂಕೇತಗಳನ್ನು ಬಂದ ಹಾಗೆಯೇ ಅಂಕಿಗಳನ್ನಾಗಿ ಹಿಡಿದಿಡುವುದಕ್ಕೆ ೧೯೭೦ರ ದಶಕದಲ್ಲಿ ‘ವೇರಿಯನ್ ೬೨೦-ಐ’ ಎಂಬ ಅಮೆರಿಕದ ಗಣಕಯಂತ್ರವನ್ನು ಬಳಸಿದರು. ನೀಲಗಿರಿಯ ಚರಿತ್ರೆಯನ್ನು ಬರೆಯುವವರು ಚಹಾ, ಸಿಂಕೋನ, ಪುಟ್ಟ ರೈಲು ಇವುಗಳ ಜೊತೆಗೆ ಈ ಯಂತ್ರಕ್ಕೂ ಒಂದು ಸಾಲನ್ನು ಮೀಸಲಿಡಬೇಕೆಂದು ನಮ್ಮ ಅಭಿಪ್ರಾಯ.

ಆ ಪೀಳಿಗೆಯ ಯಂತ್ರಗಳು ಎಚ್ಚರಗೊಳ್ಳುತ್ತಿದ್ದ ಬಗೆ ಇಂದಿನ ವಿದ್ಯಾರ್ಥಿಗಳಿಗೆ ವಿಚಿತ್ರವಾಗಿ ತೋರಬಹುದು. ಯಂತ್ರದ ಮುಂಭಾಗದಲ್ಲಿ ಸ್ವಿಚ್ಚುಗಳ ಸಾಲು, ಪುಟ್ಟ ದೀಪಗಳ ಸಾಲು. ಸ್ವಿಚ್ಚು ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ. ಹದಿನಾರು ಸ್ವಿಚ್ಚುಗಳನ್ನು ಹೊಂದಿಸಿ ಒಂದು ಗುಂಡಿಯನ್ನೊತ್ತಿದರೆ ಒಂದು ಪದ ಸ್ಮೃತಿಗೆ ಸೇರುವುದು. ಹೀಗೆ ಕೈಪಿಡಿಯಲ್ಲಿ ಕೊಟ್ಟ ಪುಟ್ಟ ಸರಣಿಯನ್ನು ಪದವೊಂದಕ್ಕೆ ಹದಿನಾರರಂತೆ ತಪ್ಪಿಲ್ಲದೆ ಇರಿಸಬೇಕು. ಆ ಸರಣಿಗೆ ರಂಧ್ರಪಟ್ಟಿಯನ್ನು ಓದುವಷ್ಟು ಮಾತ್ರ ಬುದ್ಧಿ. ಅದು ಪಟ್ಟಿಯಿಂದ ತನಗಿಂತ ಜಾಣನಾದ ಇನ್ನೊಂದು ಸರಣಿಯನ್ನು ತರುವುದು. ಆ ಜಾಣನು ನಿಜವಾದ ಕ್ರಮವಿಧಿಯನ್ನು ತರುವನು. ಒಂದು ಸ್ವಿಚ್ಚು ತಪ್ಪಿದರೂ ಯಂತ್ರವು ಏನನ್ನೋ ಮಾಡುತ್ತ ಅಲೆಯುವುದು. ದೂರು ಹೇಳಲು ಅದಕ್ಕೆ ಬಾಯಿಯಿಲ್ಲ. ಆ ಕಾಲದ ಸ್ಮೃತಿಯು ಕಾಂತದ ಸಣ್ಣ ಉಂಗುರಗಳಿಂದಾಗಿದ್ದು ವಿದ್ಯುತ್ತು ಹೋದರೂ ಅಳಿಯುತ್ತಿರಲಿಲ್ಲವೆಂಬುದು ಒಂದು ಅನುಕೂಲ. ಆದರೆ ದಾರಿತಪ್ಪಿದ ಕ್ರಮವಿಧಿಯೊಂದು ಆ ಸರಣಿಯ ಮೇಲೆಯೇ ಬರೆದುಬಿಟ್ಟರೆ ಮತ್ತೆ ಸ್ವಿಚ್ಚುಗಳಿಗೇ ಶರಣಾಗಬೇಕಿತ್ತು.

ಇದರಲ್ಲಿ ಅಪಾಯವೇನೆಂದು ಕೇಳಬಹುದು. ಚಂದ್ರನು ಯಾರಿಗಾಗಿಯೂ ಕಾಯುವುದಿಲ್ಲ. ಅವನ ಅಂಚು ಒಂದು ಮೂಲವನ್ನು ಹಾದುಹೋಗುವ ಕ್ಷಣಕ್ಕೆ ಸರಿಯಾಗಿ ಯಂತ್ರವು ಎಚ್ಚರವಾಗಿರಬೇಕು. ಕಾಗದದ ಪಟ್ಟಿ ಹರಿದಿದ್ದರೆ, ಒಂದು ಸ್ವಿಚ್ಚು ಕೆಳಗಿರಬೇಕಾದುದು ಮೇಲಿದ್ದರೆ, ಆ ರಾತ್ರಿಯ ಅಳತೆ ಹೋದಂತೆಯೇ. ಅದೇ ಮೂಲವನ್ನು ಚಂದ್ರನು ಮತ್ತೆ ಮುಚ್ಚುವ ಸಂದರ್ಭ ಬೇಗ ಒದಗದಿರಬಹುದು. ಶಾಲೆಯ ಪ್ರಯೋಗವನ್ನು ನಾಳೆ ಮತ್ತೆ ಮಾಡಬಹುದು. ಆಕಾಶದ ಪ್ರಯೋಗಕ್ಕೆ ನಾಳೆಯೆಂಬುದಿಲ್ಲ. ಆದುದರಿಂದ ಯಂತ್ರವನ್ನು ಎಬ್ಬಿಸುವ ವಿದ್ಯೆಯು ಆ ದಿನಗಳಲ್ಲಿ ವಿಜ್ಞಾನಿಯ ವಿದ್ಯೆಯ ಒಂದು ಭಾಗವೇ ಆಗಿತ್ತು. ಆ ಯಂತ್ರವು ಬಳಕೆಯಿಂದ ತೊಲಗಿ ಬಹುಕಾಲವಾಯಿತು. ದೂರದರ್ಶಕವು ಇಂದಿಗೂ ಕೆಲಸ ಮಾಡುತ್ತಿದೆ.

ಸ್ವಿಚ್ಚುಗಳ ಯುಗದ ಕೊನೆಯ ಪ್ರಸಿದ್ಧ ಪ್ರಸಂಗ ೧೯೭೫ರದು. ‘ಆಲ್ಟೇರ್’ ಎಂಬ ಪುಟ್ಟ ಯಂತ್ರಕ್ಕಾಗಿ ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಎಂಬ ತರುಣರು ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದರು. ಆಲ್ಟೇರ್ ಅವರ ಬಳಿ ಇರಲಿಲ್ಲ. ಬೇರೊಂದು ದೊಡ್ಡ ಯಂತ್ರದ ಮೇಲೆ ಅದರ ಅನುಕರಣವನ್ನು ರಚಿಸಿ ಪರೀಕ್ಷಿಸುತ್ತಿದ್ದರು. ಅನುಕರಣದಲ್ಲಿ ಎಚ್ಚರಿಸುವ ಕಷ್ಟವೇ ಇಲ್ಲವಷ್ಟೆ. ಆಲೆನ್ ಅದನ್ನು ತೋರಿಸಲು ವಿಮಾನದಲ್ಲಿ ಹೋಗುತ್ತಿರುವಾಗ, ರಂಧ್ರಪಟ್ಟಿಯನ್ನು ಓದಿಸುವ ಮೊದಲ ಸರಣಿಯನ್ನೇ ತಾವು ಬರೆದಿಲ್ಲವೆಂಬುದು ಹೊಳೆಯಿತು. ವಿಮಾನ ಇಳಿಯುವುದರೊಳಗೆ ಅದನ್ನು ಬರೆದು, ಅಲ್ಲಿ ಸ್ವಿಚ್ಚುಗಳ ಮೂಲಕ ಒಳಗಿಟ್ಟರು. ಯಂತ್ರವು ಎರಡಕ್ಕೆ ಎರಡನ್ನು ಕೂಡಿ ನಾಲ್ಕೆಂದು ಹೇಳಿತು. ಮುಂದೆ ಮಹಾಸಂಸ್ಥೆಯಾದ ಮೈಕ್ರೋಸಾಫ್ಟಿನ ಆರಂಭ ಕೆಲವೇ ಆದೇಶಗಳ ಮೇಲೆ ನಿಂತಿದ್ದಿತು.

ಅಷ್ಟರಲ್ಲಿ, ಅಳಿಯದ ಸ್ಮೃತಿಯನ್ನು ಸಿಲಿಕಾನ್ ಚಿಪ್ಪಿನೊಳಗೆ ಇಡುವ ವಿದ್ಯೆ ಅಗ್ಗವಾಗತೊಡಗಿತು. ‘ರಾಮ್’ ಎಂಬ ಅಳಿಯುವ ಸ್ಮೃತಿಗೆ ಪ್ರತಿಯಾಗಿ ಇದಕ್ಕೆ ‘ರೋಮ್’ ಎಂದು ಹೆಸರು. ವೀಲರನ ಸುತ್ತುವ ಸ್ವಿಚ್ಚು ಈಗ ಉಗುರಿನಗಲದ ಚಿಪ್ಪಿನೊಳಗೆ ಅಡಗಿತು. ನಮ್ಮ ಉಪಾಧ್ಯಾಯರಲ್ಲಿ ಹಿರಿಯರಾದವರಿಗೆ ಭಾರತ ಸರ್ಕಾರವು ೧೯೮೪ರಲ್ಲಿ ಆರಂಭಿಸಿದ ‘ಕ್ಲಾಸ್’ ಎಂಬ ಶಾಲಾ ಗಣಕಶಿಕ್ಷಣದ ಯೋಜನೆ ನೆನಪಿರಬಹುದು. ದೇಶದ ಸುಮಾರು ೨೫೦ ಶಾಲೆಗಳಲ್ಲಿ ಮೊದಲುಗೊಂಡ ಆ ಯೋಜನೆಗೆ ಇಂಗ್ಲೆಂಡಿನ ‘ಬಿಬಿಸಿ ಮೈಕ್ರೋ’ ಯಂತ್ರವನ್ನು ಆರಿಸಿದ್ದರು. ಅದರ ಸ್ವಿಚ್ಚನ್ನು ಹಾಕಿದರೆ ಒಂದು ‘ಬೀಪ್’ ಶಬ್ದ; ಕಣ್ಣು ಮಿಟುಕಿಸುವುದರೊಳಗೆ ಬೇಸಿಕ್ ಭಾಷೆ ಸಿದ್ಧ. ಎಲ್ಲವೂ ರೋಮಿನಲ್ಲಿಯೇ ಇದ್ದುದರಿಂದ ಡಿಸ್ಕಿನಿಂದ ಏನನ್ನೂ ತರಬೇಕಾಗಿರಲಿಲ್ಲ. ಇಂದಿನ ಯಂತ್ರಗಳು ಎಷ್ಟೋ ಸಾವಿರ ಪಾಲು ವೇಗವುಳ್ಳವಾದರೂ ಎಚ್ಚರಗೊಳ್ಳುವುದರಲ್ಲಿ ಅದಕ್ಕಿಂತ ನಿಧಾನವೆಂಬುದು ವಿನೋದದ ಸಂಗತಿ.

ಕಾರಣವೂ ಸ್ಪಷ್ಟವಾಗಿದೆ. ೧೯೮೧ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯು ಬೇರೊಂದು ದಾರಿಯನ್ನು ಹಿಡಿಯಿತು. ಅದರ ಸಂಸ್ಕಾರಕವು ೧೦,೪೮,೫೭೬ ಮನೆಗಳುಳ್ಳ ಸ್ಮೃತಿಯ ಬೀದಿಯನ್ನು ಕಾಣಬಲ್ಲದು. ಎಚ್ಚರವಾದೊಡನೆ ಅದು ಆ ಬೀದಿಯ ಕೊನೆಯಿಂದ ಹದಿನಾರನೆಯ ಮನೆಯನ್ನು ತಟ್ಟುವುದು. ಉಳಿದ ಹದಿನಾರು ಮನೆಗಳಲ್ಲಿ ಹೆಚ್ಚೇನು ಹಿಡಿಸೀತು? ‘ಅಲ್ಲಿಗೆ ಹೋಗು’ ಎಂಬ ಒಂದು ಆದೇಶಕ್ಕೆ ಸಾಕು. ಅದರಂತೆ ಹೋದರೆ ರೋಮಿನಲ್ಲಿರುವ ‘ಬಯಾಸ್’ ಸಿಗುವುದು. ಬಯಾಸ್ ಮೊದಲು ಅಂಗಾಂಗಗಳನ್ನು ಪರೀಕ್ಷಿಸುತ್ತದೆ: ಸ್ಮೃತಿಯೆಷ್ಟು, ಕೀಲಿಮಣೆ ಇದೆಯೇ, ಡಿಸ್ಕು ಓಡುತ್ತದೆಯೇ. ಬಳಿಕ ಡಿಸ್ಕಿನ ಮೊದಲ ತುಣುಕನ್ನು ಓದಿ ಅದಕ್ಕೆ ಅಧಿಕಾರವನ್ನು ಬಿಟ್ಟುಕೊಡುತ್ತದೆ. ಆ ತುಣುಕಿನ ಅಳತೆ ೫೧೨ ಬೈಟುಗಳು. ಯೂನಿಕೋಡಿನ ರೂಢಿಯ ಬರಹದಲ್ಲಿ ನಮ್ಮ ಲಿಪಿಯ ಒಂದೊಂದು ಸಂಕೇತಕ್ಕೆ ಮೂರು ಬೈಟು ಬೇಕಾಗುವುದರಿಂದ, ಅಷ್ಟರಲ್ಲಿ ೧೭೦ ಸಂಕೇತಗಳು ಮಾತ್ರ ಹಿಡಿಸುತ್ತವೆ. ಒಂದು ಅಂಚೆಕಾರ್ಡಿನ ಎರಡು ಮೂರು ಸಾಲು. ಆ ಎರಡು ಸಾಲಿನ ಚೀಟಿಯೇ ಮುಂದಿನ ದೊಡ್ಡ ಸರಣಿಯನ್ನು ಹುಡುಕಬೇಕು. ಅದು ಕಾರ್ಯಾಚರಣ ವ್ಯವಸ್ಥೆಯನ್ನು ಕರೆತರಬೇಕು.

ಕಾರ್ಯಾಚರಣ ವ್ಯವಸ್ಥೆಯೆಂದರೆ ಯಂತ್ರದ ಯಜಮಾನಿಕೆ. ಸ್ಮೃತಿಯನ್ನು ಹಂಚುವುದು, ಡಿಸ್ಕು, ಪರದೆ, ಕೀಲಿಮಣೆಗಳನ್ನು ನಡೆಸುವುದು, ಯಾವ ಕ್ರಮವಿಧಿಗೆ ಎಷ್ಟು ಹೊತ್ತೆಂದು ತೀರ್ಮಾನಿಸುವುದು ಅದರ ಹೊಣೆ. ೧೯೯೧ರಲ್ಲಿ ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಪ್ರಕಟಿಸಿದ ಲಿನಕ್ಸನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ತಿರುಳು ಸಾಮಾನ್ಯವಾಗಿ ಒತ್ತಿ ಮಡಿಸಿದ ರೂಪದಲ್ಲಿ ಡಿಸ್ಕಿನಲ್ಲಿರುತ್ತದೆ. ಸ್ಮೃತಿಗೆ ಬಂದೊಡನೆ ತನ್ನನ್ನು ತಾನೇ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಹಳೆಯ ತೊಡಕು ಹೊಸ ವೇಷದಲ್ಲಿ ಎದುರಾಗುತ್ತದೆ: ಡಿಸ್ಕನ್ನು ಓದುವ ಸಾಧನಸರಣಿಯು ಡಿಸ್ಕಿನೊಳಗೆಯೇ ಇದ್ದರೆ ಅದನ್ನು ಓದುವುದು ಹೇಗೆ? ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಅದಕ್ಕಾಗಿ ಬೇಕಾದಷ್ಟನ್ನು ಒಂದು ಸಣ್ಣ ಗಂಟಿನಲ್ಲಿ ಕಟ್ಟಿ ತಿರುಳಿನ ಜೊತೆಗೇ ಸ್ಮೃತಿಗೆ ತಂದಿಡುತ್ತಾರೆ. ಗಂಟಿನಿಂದ ದಾರಿ ತೆರೆದ ಮೇಲೆ ಮೊದಲ ಪ್ರಕ್ರಿಯೆಯೊಂದು ಹುಟ್ಟುತ್ತದೆ. ಅದರ ಸಂಖ್ಯೆ ಒಂದು. ಉಳಿದವೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಮಸಿನಗುಡಿಯ ಬಸ್ಸಿಗಾಗಿ ಕಾಯುವವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸಿನ ತಿರುಳೇ ಇದೆ. ಅದೂ ಪ್ರತಿಸಲ ಹೀಗೆಯೇ ಹುಟ್ಟಿ ಬರುತ್ತದೆ.

ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ಈ ಆರಂಭವನ್ನು ಕಣ್ಣಾರೆ ಕಾಣುವ ಸಂದರ್ಭವೊಂದು ಒದಗಿತ್ತು. ತಮಿಳುನಾಡು ಸರ್ಕಾರವು ೨೦೧೧ರ ಸೆಪ್ಟೆಂಬರ್ ೧೫ರಂದು ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯ ಯಂತ್ರಗಳಲ್ಲಿ ಎರಡು ವ್ಯವಸ್ಥೆಗಳು ಅಕ್ಕಪಕ್ಕದಲ್ಲಿದ್ದವು: ಒಂದು ವಿಂಡೋಸ್, ಇನ್ನೊಂದು ಚೆನ್ನೈಯ ಸಿ-ಡ್ಯಾಕ್ ಕೇಂದ್ರದಲ್ಲಿ ಸಿದ್ಧವಾದ ‘ಬಾಸ್’ ಎಂಬ ಲಿನಕ್ಸು. ಯಂತ್ರವು ಎಚ್ಚರಗೊಳ್ಳುವ ನಡುವೆ ನಿಂತು, ಯಾವುದು ಬೇಕೆಂದು ಕೇಳುತ್ತಿತ್ತು. ಆರಂಭವೆಂಬುದು ಒಂದು ಆಯ್ಕೆಯೂ ಹೌದೆಂಬ ಪಾಠವು ಆ ಪರದೆಯಲ್ಲಿದ್ದಿತು. ಕೆಳಬಾಣದ ಕೀಲಿಯನ್ನೊತ್ತಿ ಇನ್ನೊಂದನ್ನೂ ನೋಡಿದ ವಿದ್ಯಾರ್ಥಿಗೆ, ಯಂತ್ರವೇ ಬೇರೆ ಅದರ ಯಜಮಾನಿಕೆಯೇ ಬೇರೆ ಎಂಬ ದೊಡ್ಡ ತಿಳಿವಳಿಕೆ ಒಂದು ಕ್ಷಣದಲ್ಲಿ ದೊರೆತಂತೆ.

ಇನ್ನು ನಮಗೆ ಹತ್ತಿರವಾದ ಪ್ರಶ್ನೆ: ಈ ಸಾಲಿನಲ್ಲಿ ಕನ್ನಡವು ಎಲ್ಲಿ ಬರುತ್ತದೆ? ಐಬಿಎಂ ಪಿಸಿಯ ಪರದೆಯ ರೋಮಿನಲ್ಲಿ ೨೫೬ ಆಕೃತಿಗಳಿದ್ದವು. ಇಂಗ್ಲಿಷ್ ಅಕ್ಷರಗಳ ಜೊತೆಗೆ ಕೆಲವು ಗ್ರೀಕ್ ಅಕ್ಷರಗಳಿದ್ದವು. ಇಸ್ಪೀಟಿನ ನಾಲ್ಕು ಗುರುತುಗಳಿದ್ದವು. ನಗುವ ಮುಖವೂ ಇದ್ದಿತು. ಕನ್ನಡವಿರಲಿಲ್ಲ. ನಮ್ಮ ಲಿಪಿಯ ಸ್ವಭಾವವೂ ಇದಕ್ಕೆ ಒಂದು ಕಾರಣ. ‘ಕ್ಷ’ ಎಂದು ಬರೆಯಲು ಯಂತ್ರವು ‘ಕ’ಕಾರ, ವಿರಾಮ, ‘ಷ’ಕಾರ ಎಂಬ ಮೂರು ಸಂಕೇತಗಳನ್ನು ಓದಿ, ಸೇರಿಸಿ, ಒಂದೇ ಆಕೃತಿಯನ್ನು ರೂಪಿಸಬೇಕು. ಒತ್ತಕ್ಷರವು ಕೆಳಗೆ ಹೋಗಬೇಕು. ಗುಣಿತವು ಅಕ್ಷರಕ್ಕೆ ಅಂಟಬೇಕು. ಇದಕ್ಕೆ ಬೇರೆಯೇ ಒಂದು ಕ್ರಮವಿಧಿ ಬೇಕು. ಅದು ಕಾರ್ಯಾಚರಣ ವ್ಯವಸ್ಥೆ ಎದ್ದ ನಂತರವೇ ಬರಲು ಸಾಧ್ಯ. ೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಮನೆಗಳ ಒಂದು ಕೇರಿ ದೊರೆಯಿತು. ಆದರೂ ವಿಂಡೋಸಿನಲ್ಲಿ ಕನ್ನಡವು ಒಳಗಿನದಾಗಿ ಬಂದುದು ಹತ್ತು ವರ್ಷಗಳ ಬಳಿಕ, ೨೦೦೧ರ ಎಕ್ಸ್‌ಪಿಯಲ್ಲಿ. ಅದರೊಂದಿಗೆ ಬಂದ ಕನ್ನಡ ಅಕ್ಷರವಿನ್ಯಾಸಕ್ಕೆ ‘ತುಂಗಾ’ ಎಂದು ಹೆಸರು. ಅದಕ್ಕೆ ಮೊದಲು ಕನ್ನಡಿಗರು ಸುಮ್ಮನಿರಲಿಲ್ಲ. ಶೇಷಾದ್ರಿವಾಸು ಅವರ ‘ಬರಹ’ ೧೯೯೮ರಲ್ಲಿಯೇ ಹೊರಬಂದಿತ್ತು. ಆದರೆ ಅದು ಎಚ್ಚರಗೊಂಡ ಯಂತ್ರದ ಮೇಲೆ ಹೊರಗಿನಿಂದ ಬಂದು ಕುಳಿತ ಅತಿಥಿ. ಯಂತ್ರದ ಮೊದಲ ಮಾತು ಸಾಮಾನ್ಯವಾಗಿ ಇಂದಿಗೂ ಇಂಗ್ಲಿಷಿನಲ್ಲಿಯೇ ಇರುತ್ತದೆ. ಯಂತ್ರವು ಕೆಟ್ಟು, ಅರ್ಧದಲ್ಲಿ ನಿಂತು, ನೆರವು ಬೇಡುವ ಹೊತ್ತಿನಲ್ಲಿ ಪರದೆಯ ಮೇಲೆ ಬರುವ ಎಚ್ಚರಿಕೆಯನ್ನು ಗುಡಲೂರಿನ ಕನ್ನಡ ಮಾಧ್ಯಮದ ಬಾಲಕನು ಓದಲಾರನು. ಕೊರತೆಯು ಬಾಲಕನದಲ್ಲ.

ಆರಂಭದ ಸ್ಥಾನವನ್ನು ಹಿಡಿದವನು ಎಲ್ಲವನ್ನೂ ಹಿಡಿದಂತೆ ಎಂಬುದು ಕಳ್ಳರಿಗೂ ಬೇಗನೆ ತಿಳಿಯಿತು. ಲಾಹೋರಿನ ಇಬ್ಬರು ಸಹೋದರರು ರಚಿಸಿದ ‘ಬ್ರೈನ್’ ಎಂಬ ವೈರಸ್ಸು ೧೯೮೬ರಲ್ಲಿ ಡಿಸ್ಕಿನ ಆ ಮೊದಲ ತುಣುಕಿನಲ್ಲಿಯೇ ನೆಲೆಯೂರಿ ದೇಶದೇಶಗಳಿಗೆ ಹರಡಿತು. ಕಾರ್ಯಾಚರಣ ವ್ಯವಸ್ಥೆಯು ಏಳುವ ಮುನ್ನವೇ ವೈರಸ್ಸು ಎದ್ದು ಕುಳಿತಿರುತ್ತಿತ್ತು. ಬಯಾಸಿನ ಸ್ಥಾನಕ್ಕೆ ‘ಯುಇಎಫ್ಐ’ ಎಂಬ ಹೊಸ ಕಟ್ಟಳೆ ಬಂದ ಮೇಲೆ ಇದಕ್ಕೊಂದು ಕಾವಲನ್ನು ಇಟ್ಟರು. ೨೦೧೨ರ ವಿಂಡೋಸ್ ೮ರೊಂದಿಗೆ ವ್ಯಾಪಕವಾದ ಆ ಕಾವಲಿನಂತೆ, ಮುದ್ರೆಯೊತ್ತಿದ ಸರಣಿಗಳನ್ನು ಮಾತ್ರ ಯಂತ್ರವು ಆರಂಭದಲ್ಲಿ ಒಪ್ಪುತ್ತದೆ. ಒಳ್ಳೆಯದೇ ಸರಿ. ಆದರೆ ಮುದ್ರೆಯುಂಗುರ ಯಾರ ಬೆರಳಿನಲ್ಲಿದೆ? ಹೆಚ್ಚಿನ ಪಿಸಿಗಳಲ್ಲಿ ಮೈಕ್ರೋಸಾಫ್ಟಿನ ಮುದ್ರೆಯೇ ಮೊದಲಿನಿಂದ ನಂಬಿಕೆ ಪಡೆದಿರುವುದರಿಂದ, ಲಿನಕ್ಸಿನವರೂ ತಮ್ಮ ಮೊದಲ ಮೆಟ್ಟಿಲಿಗೆ ಆ ಮುದ್ರೆಯನ್ನು ಒತ್ತಿಸಿಕೊಳ್ಳುವ ದಾರಿಯನ್ನು ಹಿಡಿಯಬೇಕಾಯಿತು. ಮೊದಲ ಹೆಪ್ಪನ್ನು ನೆರೆಮನೆಯಿಂದ ತಂದವರು ನೆರೆಮನೆಯ ಮರ್ಜಿಯನ್ನೂ ತರಬೇಕಾಗುತ್ತದೆ. ಈ ದೃಷ್ಟಿಯಿಂದ ೨೦೧೮ರಲ್ಲಿ ಮದರಾಸು ಐಐಟಿಯು ತಾನು ರೂಪಿಸಿದ ‘ಶಕ್ತಿ’ ಸಂಸ್ಕಾರಕದ ಮೇಲೆ ಲಿನಕ್ಸನ್ನು ಎಬ್ಬಿಸಿದುದು ಗಮನಾರ್ಹವಾದ ಕಾರ್ಯ. ಮೊದಲ ಚಿಪ್ಪುಗಳು ಅಮೆರಿಕದಲ್ಲಿ ತಯಾರಾದವು. ಅದೇ ವರ್ಷ ಇನ್ನೊಂದು ಬಗೆಯವು ನಮ್ಮ ದೇಶದಲ್ಲಿಯೇ, ಮೊಹಾಲಿಯ ಪ್ರಯೋಗಾಲಯದಲ್ಲಿ ತಯಾರಾದವು. ಹೆಗಲೂ ಮೆಟ್ಟಿಲೂ ನಮ್ಮವೇ ಆಗಬೇಕೆಂಬ ಹಂಬಲದ ಮೊದಲ ಹೆಜ್ಜೆ ಇದು.

ಕೊನೆಯದಾಗಿ ಇತ್ತೀಚಿನ ಒಂದು ಘಟನೆ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಸಂಸ್ಥೆಯು ಕಳುಹಿಸಿದ ದೋಷಯುಕ್ತವಾದ ಒಂದು ಕಡತದಿಂದ ಜಗತ್ತಿನ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವು. ಆ ತಂತ್ರಾಂಶವು ಯಂತ್ರವು ಎಚ್ಚರಗೊಳ್ಳುವಾಗಲೇ ತಿರುಳಿನೊಡನೆ ಏಳುವಂಥದು. ಆದುದರಿಂದ ಯಂತ್ರವು ಏಳುವುದು, ಬೀಳುವುದು, ಮತ್ತೆ ಏಳುವುದು, ಮತ್ತೆ ಬೀಳುವುದು. ಪರಿಹಾರದ ಕಡತವು ಕೆಲವೇ ಗಂಟೆಗಳಲ್ಲಿ ಸಿದ್ಧವಾಯಿತು. ಅದನ್ನು ಸ್ವೀಕರಿಸುವಷ್ಟು ಹೊತ್ತು ಯಂತ್ರವು ಎದ್ದು ನಿಲ್ಲಬೇಕಷ್ಟೆ! ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಚೀಟಿಗಳನ್ನು ಕೊಟ್ಟರು. ಎಷ್ಟೋ ಕಡೆ ತಂತ್ರಜ್ಞರು ಒಂದೊಂದು ಯಂತ್ರದ ಮುಂದೆಯೂ ಕುಳಿತು, ಅದನ್ನು ಅರೆಯೆಚ್ಚರದ ಸ್ಥಿತಿಯಲ್ಲಿ ನಿಲ್ಲಿಸಿ, ಆ ಕಡತವನ್ನು ಕೈಯಾರೆ ತೆಗೆಯಬೇಕಾಯಿತು. ಎಪ್ಪತ್ತೈದು ವರ್ಷಗಳ ಪ್ರಗತಿಯ ಬಳಿಕವೂ ಕಾರ್ಯ ಕೆಟ್ಟಾಗ ಯಂತ್ರವನ್ನು ಎಬ್ಬಿಸಿದುದು ಬಲ್ಲವರ ಬೆರಳೇ. ಬಲ್ಲವರು ಸಾಲದ ಕಡೆ ದಿನಗಟ್ಟಲೆ ಕೆಲಸ ನಿಂತಿತು.

ಆದುದರಿಂದ ನಮ್ಮ ಉಪಾಧ್ಯಾಯ ಮಿತ್ರರಲ್ಲಿ ಒಂದು ವಿನಂತಿ. ಗಣಕಪಾಠವನ್ನು ಪರದೆಯ ಮೇಲಿನ ಚಿತ್ರಗಳಿಂದ ಆರಂಭಿಸುವುದು ರೂಢಿ. ಒಂದು ದಿನವಾದರೂ ಅದಕ್ಕಿಂತ ಹಿಂದಿನ ಅರೆನಿಮಿಷದಿಂದ ಆರಂಭಿಸಿರಿ. ಶಾಲೆಯ ಹಳೆಯ ಯಂತ್ರವೊಂದನ್ನು ಮಕ್ಕಳ ಮುಂದಿಟ್ಟು ಸ್ವಿಚ್ಚು ಹಾಕಿ, ಪರದೆಯ ಮೇಲೆ ಮೂಡುವ ಸಾಲುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಬಿಡಿಸಿ ಹೇಳಿರಿ. ಯಾವುದು ಯಾವುದನ್ನು ಎಬ್ಬಿಸಿತು, ಎಲ್ಲಿ ತಡೆದರೆ ಎಲ್ಲಿ ನಿಲ್ಲುತ್ತದೆ ಎಂದು ಅವರಿಂದಲೇ ಹೇಳಿಸಿರಿ. ಹದಿನಾರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಯೆತ್ತಿದವರು ಒಂದು, ಇಳಿಸಿದವರು ಸೊನ್ನೆಯೆಂದು ಮಾಡಿ, ಮುತ್ತೊರೈಯ ಹಳೆಯ ಯಂತ್ರಕ್ಕೆ ಒಂದು ಪದವನ್ನು ಉಣಿಸಿದ ಬಗೆಯನ್ನು ಅಂಗಳದಲ್ಲಿಯೇ ತೋರಿಸಬಹುದು. ಇದಕ್ಕೆ ವಿದ್ಯುತ್ತೂ ಬೇಡ, ಹಣವೂ ಬೇಡ. ಯಂತ್ರದ ಮೊದಲ ಮಾತನ್ನು ತಮ್ಮ ನುಡಿಯಲ್ಲಿ ಅರಿತ ಮಕ್ಕಳು ಅದರ ಮುಂದೆ ಕೈಕಟ್ಟಿ ಕಾಯುವವರಾಗುವುದಿಲ್ಲ. ಕೆಟ್ಟ ದಿನ ಅದನ್ನು ಎಬ್ಬಿಸಬಲ್ಲವರಾಗುತ್ತಾರೆ.